ಸಂಘದ ಲೆಕ್ಕ ನೆಟ್‌ಗೆ ಹೋದ್ರೆ ಬೀಗದ ಕೈ ಯಾರ ಹತ್ರ?

ನಮ್ಮ ಸಂಘದ ಲೆಕ್ಕ ಇನ್ಮೇಲೆ ನೆಟ್‌ನಾಗೆ ಇರ್ಲಿ ಅಂತ ಹುಡುಗೀರು ಹೇಳ್ತಾವ್ರೆ. ಇರ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಜಾಗ ಯಾರ ಹೆಸರಲ್ಲಿ, ಬೀಗದ ಕೈ ಯಾರ ಹತ್ರ ಅನ್ನೋದು ತೀರ್ಮಾನ ಆಗೋವರ್ಗೂ ಪುಸ್ತಕ ಮುಚ್ಚಬಾರ್ದು ಕಣ್ರಮ್ಮ.

ಇದನ್ನ ಮಾಡಿರೋಳು ನಮ್ಮ ನಾದ್ನಿ ಮಗಳು. ವಾರದ ಉಳಿತಾಯ, ಸಾಲ, ಬಡ್ಡಿ, ಕಂತು ಎಲ್ಲಾ ಬರೋ ಹಂಗೆ ತಾನೇ ಕೂತು ಬರ್ದವ್ಳೆ. ಅವಳ ಲ್ಯಾಪ್‌ಟಾಪ್‌ನಾಗೆ ಚೆನ್ನಾಗೇ ನಡೀತೈತೆ. ಆದ್ರೆ ಅದು ಮನೆಯೋರಿಗೆ ಮಾಡೋ ಅಡಿಗೆ ಇದ್ದಂಗೆ. ಲ್ಯಾಪ್‌ಟಾಪ್ ಮುಚ್ಚಿದ್ರೆ ಲೆಕ್ಕಾನೂ ಮುಚ್ಕೊಳ್ತು. ಎಲ್ಲಾರ ಫೋನಲ್ಲೂ ಕಾಣ್ಬೇಕು ಅಂದ್ರೆ ಹಗ್ಲು ರಾತ್ರಿ ಓಡೋ ಕಂಪ್ಯೂಟರ್ ಬೇಕು, ಅದೇ ಸರ್ವರ್. ಅದ್ರಾಗೆ ಜಾಗಕ್ಕೆ ಬಾಡಿಗೆ. ವಿಳಾಸದ ಹೆಸರಿಗೆ ಬೇರೆ ವರ್ಷ ವರ್ಷ ದುಡ್ಡು. ಕಟ್ದೇ ಬಿಟ್ರೆ ಆ ಹೆಸರು ಇನ್ಯಾರೋ ತಗೋಬೋದು.

ನಮ್ಮ ಸ್ಕಂದಗಿರಿ ಬೆಟ್ಟಾನೇ ನೋಡಿ. ಬೆಂಗಳೂರಿನ ಹುಡುಗ್ರು ಮನೇಲೇ ಟಿಕೆಟ್ ಮಾಡ್ಕೊಂಡು ಕತ್ಲಲ್ಲೇ ಪಾಪಾಗ್ನಿ ಮಠದ ಹತ್ರ ಬಂದಿಳೀತಾರೆ. 2024ರ ಜನವರೀಲಿ ಕುಮಾರ ಪರ್ವತದಾಗೆ ಜನ ತುಂಬ್ಕೊಂಡು ಗಲಾಟೆ ಆದ ಮೇಲೆ, ಚಾರಣಕ್ಕೆ ಆನ್‌ಲೈನ್ ಟಿಕೆಟ್ ಇರ್ಲೇಬೇಕು ಅಂದ್ರು. ಅದೇ ವರ್ಷ ಅಕ್ಟೋಬರಲ್ಲಿ ಅರಣ್ಯ ಇಲಾಖೆ 'ಅರಣ್ಯ ವಿಹಾರ' ಅನ್ನೋ ತಾಣ ತೆರೀತು. ಅದು ಕೆಟ್ರೆ ನೋಡೋಕೆ ಒಂದು ಇಲಾಖೇನೇ ಐತೆ. ನಮ್ಮದಕ್ಕೆ ಇರೋದು ಒಬ್ಬಳು ಹುಡುಗಿ, ಅದೂ ಕೆಲಸ ಮುಗಿಸ್ಕೊಂಡು ಬಂದು ರಾತ್ರಿ ಕೂತ್ರೆ ಉಂಟು.

ಪರೀಕ್ಷೆಗೆ ಅಂತ ಪುಕ್ಕಟೆ ಸರ್ವರ್‌ಗೆ ಹಾಕಿ ನೋಡಿದ್ಳು. ಹಾಲು ಹಾಕೋಕೆ ಹೊರಡೋ ಮುಂಚೆ, ಬೆಳಗಿನ ಜಾವ 5 ಗಂಟೇಲಿ ಒಬ್ಬರು ಕಂತು ಕಟ್ಟಿದ್ದು ಬರೆದ್ರೆ ಹಿಂದಿನ ದಿನದ ತಾರೀಖು ಬಿತ್ತು. ಸರ್ವರ್ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಂತೆ! ಇದು ಸರಿ ಮಾಡಿದ್ಳು. ಆಮೇಲೆ ಇನ್ನೊಂದು. ಯಾರೂ ತೆಗೀದೇ ಇದ್ರೆ ಆ ಪುಕ್ಕಟೆ ಸರ್ವರ್ ಮಲಗ್ಬಿಡುತ್ತೆ, ಎದ್ದಾಗ ಬರೆದಿಟ್ಟಿದ್ದೆಲ್ಲಾ ಮಾಯ. ಅವಳು ಬರ್ದ ಪ್ರೋಗ್ರಾಮ್ ಮಾತ್ರ ಹಂಗೇ ಇತ್ತು, ನಾವು ತುಂಬಿದ ಲೆಕ್ಕ ಇರ್ಲಿಲ್ಲ. ಪಾತ್ರೆ ಬೇರೆ, ಅದ್ರೊಳಗಿನ ಸಾರು ಬೇರೆ ಅಂತ ನಂಗೆ ಅರ್ಥ ಆಗಿದ್ದು ಆವಾಗ್ಲೇ. ಹೊಸದಾಗಿ ತಿದ್ದಿ ಹಾಕೋವಾಗ್ಲೂ ಅಷ್ಟೆ, ಲೆಕ್ಕದ ಫೈಲ್ ಬೇರೆ ಕಡೆ ಇರ್ಬೇಕು, ಇಲ್ದಿದ್ರೆ ಹೊಸದು ಹಳೇದನ್ನ ಅಳಿಸ್ಬಿಡುತ್ತೆ.

ದುಡ್ಡು ಕೊಟ್ರೆ ಹಂಗಾಗಲ್ಲ ಅಂತೀರಾ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಅನ್ನೋ ಕಂಪೆನಿಯ ಸರ್ವರ್ ಕಟ್ಟಡಾನೇ ಸುಟ್ಟೋಯ್ತು. ಬೇರೆ ಕಡೆ ನಕಲು ಇಟ್ಕೊಂಡಿದ್ದೋರು ಮತ್ತೆ ಎದ್ದು ನಿಂತ್ರು, ಇಲ್ದೇ ಇದ್ದೋರ ಮಾಹಿತಿ ಹೋಗೇಬಿಡ್ತು. ಅದಕ್ಕೇ ತಿಂಗಳಿಗೊಂದು ನಕಲು ತೆಗೆದು ಕಾಗ್ದದ ಮೇಲೂ ಅಚ್ಚು ಹಾಕಿಡ್ಬೇಕು ಅಂತ ನಾನು ಹಟ ಹಿಡಿದಿರೋದು.

ನನಗೆ ಎಲ್ಲಾದಕ್ಕಿಂತ ದೊಡ್ಡದು ಬೀಗದ ಕೈ ವಿಷ್ಯ. ಸ್ತ್ರೀಶಕ್ತಿ ಯೋಜನೆ ಬಂದಿದ್ದು 2000-01ರಲ್ಲಿ. ನಮ್ಮ ಸಂಘದಾಗೆ ಬ್ಯಾಂಕಿಂದ ದುಡ್ಡು ತೆಗೀಬೇಕು ಅಂದ್ರೆ ಇಬ್ಬರ ಸಹಿ ಬೇಕು. ಎಷ್ಟೇ ನಂಬಿಕೆ ಇದ್ರೂ ಒಬ್ಬರ ಸಹಿಗೆ ನಾವು ಒಪ್ಪಿದ್ದುಂಟಾ? ಈಗ ನೋಡಿದ್ರೆ ಜಾಗ, ಹೆಸರು, ಪಾಸ್‌ವರ್ಡ್ ಎಲ್ಲಾ ಒಬ್ಬಳ ಈಮೇಲ್‌ನಾಗೆ. ಹುಡುಗಿ ಮೇಲೆ ಅನುಮಾನ ಅಲ್ಲಮ್ಮ. ನಾಳೆ ಮದ್ವೆ ಆಗಿ ಹೈದರಾಬಾದ್‌ಗೆ ಹೋದ್ಳು ಅಂದ್ಕೊಳ್ಳಿ, ಮಗು ಕಂಕುಳಲ್ಲಿ ಇಟ್ಕೊಂಡಿರೋಳಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಲೆಕ್ಕ ತೆಗೀತಿಲ್ಲ ಕಣೇ" ಅನ್ನೋಕಾಗುತ್ತಾ?

ಆಧಾರ್ ನಂಬರ್ ಅದ್ರೊಳಗೆ ಬೇಡ್ವೇ ಬೇಡ. ಹೆಸರು, ಸದಸ್ಯೆ ನಂಬರ್ ಸಾಕು. ಯಾರ ಸಾಲ ಎಷ್ಟು ಅಂತ ಪಕ್ಕದ ಮನೆಯೋರಿಗೆ ಕಾಣಬಾರ್ದು, ಅವರವರದು ಅವರವರಿಗೆ. ವಿಳಾಸದ ಪಕ್ಕ ಬೀಗದ ಗುರುತು ಇರ್ಬೇಕು. ಅದು ಪುಕ್ಕಟೆ ಸಿಗುತ್ತಂತೆ, ಸುಮ್ನೆ ಬಿಡೋದ್ಯಾಕೆ.

ಸೋಮವಾರದ ಸಭೇಲಿ ನಾನು ಇದನ್ನ ಕೇಳ್ತೀನಿ. ಸಂಘದ ಹೆಸರಲ್ಲೇ ಒಂದು ಈಮೇಲ್ ಮಾಡ್ಲಿ, ಜಾಗಕ್ಕೂ ಹೆಸರಿಗೂ ದುಡ್ಡು ಸಂಘದ ಖಾತೆಯಿಂದ್ಲೇ ಹೋಗ್ಲಿ. ಪಾಸ್‌ವರ್ಡ್ ಬರೆದು ಲಕೋಟೆಗೆ ಹಾಕಿ, ಅಧ್ಯಕ್ಷೆ ಒಂದು ಇಟ್ಕೊಳ್ಳಿ, ಕಾರ್ಯದರ್ಶಿ ಒಂದು ಇಟ್ಕೊಳ್ಳಿ. ಬರೋ ಯುಗಾದಿವರ್ಗೂ ಪುಸ್ತಕ, ನೆಟ್ಟು ಎರಡೂ ನಡೀಲಿ. ಹುಡುಗಿಗೆ ಸಂಘದಿಂದ ಏನಾದ್ರೂ ಕೊಡ್ಬೇಕು, ಅಷ್ಟು ರಾತ್ರಿ ನಿದ್ದೆಗೆಟ್ಟವ್ಳೆ.