ಶುಲ್ಕ ಕಟ್ಟಿದವರೆಲ್ಲ ಪಾಸು!



ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಜರುಗಿದ ಉದ್ಯಮ ಪ್ರಶಸ್ತಿ ಪ್ರದಾನ ಸಮಾರಂಭವೊಂದಕ್ಕೆ ಹೋಗಿ ಬರುವ ಯೋಗ ನನಗೆ ಒದಗಿತು. ಮಾಳಮಡ್ಡಿಯ ಮನೆಯಲ್ಲಿ ಒಂಬತ್ತೂವರೆಗೆ ಮಜ್ಜಿಗೆ ಅನ್ನ ಉಂಡು ಮಲಗುವ ನನ್ನಂಥವನಿಗೆ ಅಲ್ಲೇನು ಕೆಲಸವೆಂದು ನೀವು ಕೇಳಬಹುದು. ಪ್ರಶಸ್ತಿ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ. ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಅವನದೊಂದು ಸಣ್ಣ ಘಟಕವಿದೆ. ವಾಲ್ವುಗಳ ಬಿಡಿಭಾಗಗಳನ್ನು ತಯಾರಿಸುತ್ತಾನೆ. ಎಂಟನೆಯ ಇಯತ್ತೆಯಲ್ಲಿ ಬೀಜಗಣಿತಕ್ಕೆ ಹೆದರಿ ಕೊನೆಯ ಬೆಂಚಿನಲ್ಲಿ ಅಡಗಿ ಕೂಡುತ್ತಿದ್ದ ಹುಡುಗ ಇಂದು ಹದಿನಾಲ್ಕು ಮನೆಗಳ ಒಲೆ ಉರಿಯಲು ಕಾರಣನಾಗಿದ್ದಾನೆ. "ಸರ್, ನೀವು ಬರಲಿಕ್ಕೇ ಬೇಕ್ರಿ, ಗಾಡಿ ಕಳಸ್ತೇನಿ" ಎಂದ. ಹೋದೆ.

ಹುಲ್ಲುಹಾಸಿನ ಮೇಲೆ ದುಂಡು ಮೇಜುಗಳು, ಕಣ್ಣು ಕುಕ್ಕುವ ದೀಪಗಳು, ಎರಡು ಭಾಷೆಗಳನ್ನು ಸಮನಾಗಿ ಕೆಡಿಸಬಲ್ಲ ನಿರೂಪಕಿ. ಪ್ರಶಸ್ತಿಗಳು ಮೂವತ್ತಕ್ಕೂ ಹೆಚ್ಚು. "ವರ್ಷದ ಉದಯೋನ್ಮುಖ ಉದ್ಯಮಿ" ಎಂದು ಕರೆದಾಗ ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ಎದ್ದರು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು; ಎಣಿಸುವ ಚಟ ಬಿಡಲಿಲ್ಲ. ಯಾವ ಮೇಜೂ ಬರಿಗೈಯಲ್ಲಿ ಉಳಿಯಲಿಲ್ಲವೆಂಬುದು ಬೇಗನೇ ಗಮನಕ್ಕೆ ಬಂತು.

ನನ್ನ ಶಿಷ್ಯ ಫಲಕ ಕೈಯಲ್ಲಿ ಹಿಡಿದು, "ನಮ್ಮ ಲೇಥ್ ಮಶೀನಿನ ಕಾಕಾ ಇಲ್ಲದಿದ್ರ..." ಎಂದು ಆರಂಭಿಸಿದ. ಅಷ್ಟರಲ್ಲಿ ಸಂಗೀತ ಏರಿತು. ನಿರೂಪಕಿ ಮುಗುಳ್ನಕ್ಕು ಮುಂದಿನ ಹೆಸರು ಕರೆದಳು. ಕಾಕಾನ ಹೆಸರು ಆತನ ಬಾಯಲ್ಲಿಯೇ ಉಳಿಯಿತು. ಆ ಹೊತ್ತಿನಲ್ಲಿ ಕಾಕಾ ರಾತ್ರಿ ಪಾಳಿಯಲ್ಲಿದ್ದನಂತೆ.

ಮರಳಿ ಬರುವಾಗ ಕಾರಿನಲ್ಲಿ ಸತ್ಯ ಹೊರಬಿತ್ತು. ನಾಮನಿರ್ದೇಶನಕ್ಕೆ ಒಂದು ಶುಲ್ಕ, ಮೇಜಿಗೆ ಇನ್ನೊಂದು, ಸ್ಮರಣ ಸಂಚಿಕೆಯ ಜಾಹೀರಾತಿಗೆ ಮತ್ತೊಂದು. ಒಟ್ಟು ಮೊತ್ತ ಅವನ ಇಬ್ಬರು ಹುಡುಗರ ಒಂದು ತಿಂಗಳ ಪಗಾರಕ್ಕಿಂತ ಹೆಚ್ಚು. "ಯಾಕೆ ಕೊಟ್ಟೆಯಪ್ಪಾ?" ಎಂದೆ. "ದೊಡ್ಡ ಗಿರಾಕಿಗಳು ಗ್ವಾಡಿ ಮ್ಯಾಲಿನ ಫಲಕ ನೋಡತಾರ ಸರ್. ಇಲ್ಲಂದ್ರ ಇವ ಸಣ್ಣಾವ ಅಂತ ರೇಟು ಇಳಸತಾರ" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ನನ್ನ ಸಿಟ್ಟು ಅವನ ಮೇಲಲ್ಲ. ಅವನನ್ನು ಈ ಇಕ್ಕಟ್ಟಿಗೆ ತಂದು ನಿಲ್ಲಿಸಿದ ವ್ಯವಹಾರದ ಮೇಲೆ. ಪರೀಕ್ಷೆಗೆ ಎಲ್ಲರೂ ಶುಲ್ಕ ಕಟ್ಟುತ್ತಾರೆ, ನಿಜ. ಆದರೆ ಶುಲ್ಕ ಕಟ್ಟಿದ ಹುಡುಗ ನಪಾಸಾಗುವ ಸಂಭವ ಇರುವುದರಿಂದಲೇ ಪಾಸಾದವನ ಅಂಕಪಟ್ಟಿಗೆ ಬೆಲೆ. ಇಂಥ ಯಾವುದೇ ಪ್ರಶಸ್ತಿಗೆ ಕರೆ ಬಂದಾಗ ಮೂರು ಪ್ರಶ್ನೆ ಕೇಳಿರಿ: ತೀರ್ಪುಗಾರರು ಯಾರು? ಯಾವ ಮಾನದಂಡದಿಂದ ಅಳೆದರು? ಹಣ ಕಟ್ಟಿಯೂ ಪ್ರಶಸ್ತಿ ಸಿಗದವರು ಒಬ್ಬರಾದರೂ ಇದ್ದಾರೆಯೆ? ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಅದು ಪ್ರಶಸ್ತಿಯಲ್ಲ, ಪಾವತಿ.

"ಪ್ರೋತ್ಸಾಹವೆಂದು ತಿಳಿಯಿರಿ, ಯಾರಿಗೇನು ನಷ್ಟ?" ಎನ್ನುವವರಿದ್ದಾರೆ. ನಷ್ಟವಿದೆ. ಹಣವಿಲ್ಲದ, ಆದರೆ ಕೆಲಸದಲ್ಲಿ ಮೇಲಾದ ಇನ್ನೊಬ್ಬ ಸಣ್ಣ ಉದ್ಯಮಿಯ ಗೋಡೆ ಬರಿದಾಗಿ ಉಳಿಯುತ್ತದೆ. ಅವನ ದರ ಇಳಿಯುತ್ತದೆ. ನಮ್ಮದು 1973ರಲ್ಲಿ ಬೇಂದ್ರೆಯವರಿಗೆ, 1998ರಲ್ಲಿ ಗಿರೀಶ ಕಾರ್ನಾಡರಿಗೆ ಜ್ಞಾನಪೀಠ ಬಂದುದನ್ನು ಕಂಡ ಊರು. ಮಲ್ಲಿಕಾರ್ಜುನ ಮನ್ಸೂರರಿಗೂ ಗಂಗೂಬಾಯಿ ಹಾನಗಲ್ಲರಿಗೂ ಪದ್ಮವಿಭೂಷಣ ಬಂದುದನ್ನು ಕಂಡ ಊರು. ಇಲ್ಲಿ ಯಾರೂ ಮೇಜು ಕೊಂಡಿರಲಿಲ್ಲ. ಹಾಗೆಂದು ನಾನೇನು ಶುದ್ಧನಲ್ಲ. ಶಿಕ್ಷಕ ಪ್ರಶಸ್ತಿಯೊಂದಕ್ಕೆ ಒಮ್ಮೆ ನಾನೇ ಅರ್ಜಿ ತುಂಬಿ, ನನ್ನ ಗುಣಗಾನವನ್ನು ನನ್ನ ಕೈಯಿಂದಲೇ ಆರು ಪುಟ ಬರೆದಿದ್ದೆ. ಬರಲಿಲ್ಲ. ಬರದೆ ಹೋದದ್ದೇ ಆ ಪ್ರಶಸ್ತಿಯ ಮರ್ಯಾದೆ ಎಂದು ಈಗ ಅನಿಸುತ್ತದೆ!

ಇನ್ನು ಎರಡನೆಯ ವಿಷಯ. ಅಂದಿನ ಮುಖ್ಯ ಭಾಷಣಕಾರರು ಒಂದು ಸಿದ್ಧಾಂತ ಮಂಡಿಸಿದರು: "ಹುಬ್ಬಳ್ಳಿ-ಧಾರವಾಡದಲ್ಲಿ ನೈಟ್‌ಲೈಫ್ ಇಲ್ಲ. ಅದಕ್ಕೇ ನಮ್ಮ ಎಂಜಿನಿಯರ್ ಹುಡುಗರು ಬೆಂಗಳೂರಿಗೆ ಓಡುತ್ತಾರೆ." ಚಪ್ಪಾಳೆಯೋ ಚಪ್ಪಾಳೆ. ಸಿದ್ಧಾಂತದ ಪ್ರಾತ್ಯಕ್ಷಿಕೆಯೂ ಕೂಡಲೇ ನಡೆಯಿತು. ಹತ್ತು ಗಂಟೆಯ ಬಳಿಕ ತೆರೆದ ಅಂಗಳದಲ್ಲಿ ಡಿ.ಜೆ. ಆರಂಭವಾಗಿ, ನಾವು ಹೊರಡುವಾಗ ಹನ್ನೊಂದೂವರೆಯಾದರೂ ನಿಂತಿರಲಿಲ್ಲ. ಬೇಲಿಯಾಚೆಯ ಮನೆಯ ಮಹಡಿಯಲ್ಲಿ ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡು ಕೂತದ್ದನ್ನು ಕಂಡೆ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿಯವರೆಗೆ ಸರಕಾರ ಸಡಿಲಿಕೆ ಕೊಡಬಹುದು, ಅಷ್ಟೇ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಈ ನಿಯಮಕ್ಕೆ ಸಂಗೀತಗಾರರು ತಲೆಬಾಗಿದರು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಮಹೋತ್ಸವ ಕೂಡ ಬೆಳತನಕದ ಬೈಠಕ್ಕುಗಳನ್ನು ಬಿಟ್ಟುಕೊಟ್ಟಿತು. ನಡುರಾತ್ರಿಯ ಮಾಲಕಂಸ, ದರಬಾರಿ ರಾಗಗಳಿಗೆ ಬಯಲಿನಲ್ಲಿ ಜಾಗವಿಲ್ಲದಂತಾಯಿತು. ನನಗೆ ಅದು ನೋವಿನ ಸಂಗತಿ. ಆದರೂ ನಿಯಮ ಸರಿ, ಏಕೆಂದರೆ ನಿದ್ರೆ ಎಲ್ಲರ ಹಕ್ಕು. ಮಾಲಕಂಸಕ್ಕಿಲ್ಲದ ವಿನಾಯಿತಿ ಡಿ.ಜೆ.ಗೆ ಎಲ್ಲಿಂದ ಬಂತು?

ಇರುಳು ನಮ್ಮ ಊರಿಗೆ ಹೊಸದೇನೂ ಅಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯ 'ಅಟ್ಟ'ದಲ್ಲಿ ಹರಟೆ ಹೊಡೆದವರಿಂದ ಕನ್ನಡಕ್ಕೆ ನಾಟಕಗಳು ಬಂದವು, ಕಾದಂಬರಿಗಳು ಬಂದವು. ಇಂದಿಗೂ ನಮ್ಮ ಮನೆಗೆ ನಡುರಾತ್ರಿ ಧಾರವಾಡ ಸ್ಟೇಶನ್ನಿನ ಗಾಡಿಯ ಸೀಟಿ ಕೇಳುತ್ತದೆ. ಅದನ್ನು ಓಡಿಸುವವನು, ಆಸ್ಪತ್ರೆಯ ನರ್ಸು, ಬೇಲೂರು ಕೈಗಾರಿಕಾ ಪ್ರದೇಶದ ಮೂರನೆಯ ಪಾಳಿಯವರು, ಲೇಥ್ ಕಾಕಾ, ಇವರೆಲ್ಲ ಎಚ್ಚರವಾಗಿಯೇ ಇದ್ದಾರೆ. ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಷರತ್ತುಗಳಿಗೊಳಪಟ್ಟು ರಾತ್ರಿ ಪಾಳಿ ಮಾಡಲು ಕರ್ನಾಟಕ ಸರಕಾರ 2019ರಲ್ಲಿ ಅನುಮತಿ ಕೊಟ್ಟಿತು. ಹಾಗಾದರೆ ಊರಿನ ರಾತ್ರಿಜೀವನವೆಂದರೆ ಮೊದಲು ಅವಳದು. ಪಾಳಿ ಮುಗಿಸಿದವಳಿಗೆ ಮನೆಯ ಓಣಿಯವರೆಗೆ ಬೀದಿದೀಪ ಬೇಕು, ನಂಬಬಹುದಾದ ವಾಹನ ಬೇಕು, ಬಿಸಿ ಚಹಾ ಸಿಗುವ ಒಂದು ಅಂಗಡಿ ಬೇಕು. ಓದುವ ಹುಡುಗರಿಗೆ ತಡರಾತ್ರಿಯವರೆಗೆ ತೆರೆದ ಗ್ರಂಥಾಲಯ ಬೇಕು. ಭಾಷಣಕಾರರ ಪಟ್ಟಿಯಲ್ಲಿ ಇವೊಂದೂ ಇರಲಿಲ್ಲ.

ತರುಣರು ನಗಬಾರದು, ಕುಣಿಯಬಾರದು ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಸಭಾಗೃಹದಲ್ಲಿ, ನೆರೆಯವರ ನಿದ್ದೆ ಕೆಡಿಸದೆ ಬೆಳತನಕ ಕುಣಿಯಲಿ, ನಿಯಮವೂ ಅಡ್ಡಬರುವುದಿಲ್ಲ. ಆದರೆ ನನ್ನ ಬಳಿ ಕಲಿತು ಬೆಂಗಳೂರು ಸೇರಿದವರು ಡಿ.ಜೆ. ಹುಡುಕಿಕೊಂಡು ಹೋದವರಲ್ಲ, ನೌಕರಿ ಹುಡುಕಿಕೊಂಡು ಹೋದವರು. ನಾನು ತಪ್ಪಿದ್ದರೆ ನೀವೇ ತಿದ್ದಿರಿ, ಒಂದು ಸಾಲು ಬರೆಯಿರಿ.

ಮುಂದಿನ ಭಾನುವಾರ ಶಿಷ್ಯನ ಘಟಕಕ್ಕೆ ಹೋಗುವುದಿದೆ. ವೇದಿಕೆಯ ಮೇಲೆ ತುಂಡಾದ ಆ ವಾಕ್ಯವನ್ನು ಕಾಕಾನ ಎದುರಿಗೇ ಪೂರ್ತಿ ಹೇಳಬೇಕೆಂದು ಅವನಿಗೆ ಮನೆಗೆಲಸ ಕೊಟ್ಟಿದ್ದೇನೆ. ಈ ಸಲ ತಪ್ಪಿಸಿಕೊಳ್ಳಲು ಕೊನೆಯ ಬೆಂಚಿಲ್ಲ.