ಕಣ್ಣಿಗೆ ಮೋಸ, ಮನಸ್ಸಿಗೆ ಪಾಠ

ದೇವರ ಆಲಯದಲ್ಲಿ ಮೋಸಕ್ಕೆ ಜಾಗವುಂಟೆ? ಇಲ್ಲವೆಂದೇ ಎಲ್ಲರೂ ಹೇಳುತ್ತೇವೆ. ಆದರೆ ಪ್ರಿಯ ಓದುಗರೇ, ನೋಡುವವರ ಕಣ್ಣನ್ನು ಬೇಕೆಂದೇ ಮೋಸಗೊಳಿಸುವ ಚಿತ್ರಗಳನ್ನು ದೇವಾಲಯಗಳಲ್ಲೇ ಬರೆದ ಭಕ್ತರಿದ್ದಾರೆ. ಚಪ್ಪಟೆ ಗೋಡೆಯ ಮೇಲೆ ಬಣ್ಣ ಮತ್ತು ನೆರಳಿನಿಂದಲೇ ಕಂಬ, ಕಮಾನು, ಹೂಮಾಲೆಗಳು ಎದ್ದು ನಿಂತಂತೆ ಕಾಣಿಸುವ ಈ ಕಲೆಗೆ ಫ್ರೆಂಚ್ ಭಾಷೆಯಲ್ಲಿ 'ಟ್ರೊಂಪ್ ಲೋಯ್' ಎನ್ನುತ್ತಾರೆ. ಕಣ್ಣನ್ನು ವಂಚಿಸುವುದು ಎಂದೇ ಅದರ ಅರ್ಥ.

ಇದರ ಸೊಬಗನ್ನು ನೋಡಲು ದೂರ ಹೋಗಬೇಕಿಲ್ಲ. ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್‌ನ ಒಳಗೆ ನಿಂತು ತಲೆಯೆತ್ತಿದರೆ ಸಾಕು. ಇಟಲಿಯ ಬೆರ್ಗಾಮೊ ಸೀಮೆಯಲ್ಲಿ 1854ರಲ್ಲಿ ಹುಟ್ಟಿದ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇದನ್ನು ಚಿತ್ರಗಳಿಂದ ತುಂಬಿದರು. ಉಬ್ಬುಗೆತ್ತನೆಯಂತೆ ಕಾಣುವ ಅಲಂಕಾರವನ್ನು ಮುಟ್ಟಿದರೆ ಕೈಗೆ ಸಿಗುವುದು ಬರೀ ಗೋಡೆ!

ಗೋಡೆಯ ಚಿತ್ರಗಳಿಗೆ ಅವರು ಬಳಸಿದ್ದು ಫ್ರೆಸ್ಕೋ ವಿಧಾನ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗಿದ ಮೇಲೆ ತಿದ್ದುವುದು ಕಷ್ಟ. ಆದರೆ ಬಣ್ಣ ಗಾರೆಯೊಂದಿಗೆ ಒಂದಾಗಿಬಿಡುತ್ತದೆ. ಪ್ರಭು ಯೇಸು ಖಂಡಿಸಿದ 'ಸುಣ್ಣ ಬಳಿದ ಸಮಾಧಿ'ಗೂ ಇದಕ್ಕೂ ಎಷ್ಟು ಅಂತರ! ಅಲ್ಲಿ ಸುಣ್ಣ ಒಳಗಿನ ಕೊಳೆಯನ್ನು ಮುಚ್ಚುತ್ತದೆ, ಇಲ್ಲಿ ಸುಣ್ಣವೇ ಬಣ್ಣವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ.

ಸಂತ ಅಲೋಶಿಯಸರ ಸಮಾಧಿ ಇರುವುದು ರೋಮಿನ ಸಂತ ಇಗ್ನಾಸಿಯವರ ದೇವಾಲಯದಲ್ಲಿ. ಅಲ್ಲಿ ನಿಜವಾದ ಗುಮ್ಮಟ ಏಳಲಿಲ್ಲ. 1685ರಲ್ಲಿ ಯೇಸುಸಭೆಯ ಇನ್ನೊಬ್ಬ ಬ್ರದರ್ ಆಂಡ್ರೆಯಾ ಪೊಝೊ ಸುಮಾರು 17 ಮೀಟರ್ ಅಗಲದ ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟವನ್ನು ಬರೆದು ಮೇಲೆ ಕೂರಿಸಿದರು. ಎಲ್ಲಿ ನಿಂತು ನೋಡಬೇಕೆಂದು ನೆಲದಲ್ಲಿ ಗುರುತೂ ಇದೆ. ಅಲ್ಲಿ ನಿಂತರೆ ಗುಮ್ಮಟ ಆಕಾಶಕ್ಕೆ ಏರಿದಂತಿದೆ. ಅಲ್ಲಿಂದ ದೂರ ಸರಿದರೆ ವಾಲಿದಂತೆ ಕಾಣುತ್ತದೆ.

ಹಾಗಾದರೆ ಈ ಬ್ರದರ್‌ಗಳು ಸುಳ್ಳು ಹೇಳಿದರೆ? ಇಲ್ಲ. ಸುಳ್ಳು ಹೇಳುವವನು ಸಿಕ್ಕಿಬೀಳಲು ಹೆದರುತ್ತಾನೆ. ಈ ಚಿತ್ರಕಾರ ಹೆದರುವುದಿಲ್ಲ. ಮೋಸ ತಿಳಿದಾಗ ನಾವು ಸಿಟ್ಟಾಗುವುದಿಲ್ಲ, ಬೆರಗಾಗುತ್ತೇವೆ.

ನಮ್ಮ ಕುಟುಂಬಗಳ ವಿಷಯ ಹೀಗಿದೆಯೆ? ಭಾನುವಾರದ ಬಲಿಪೂಜೆಯಲ್ಲಿ ನಮ್ಮದು ಅಂದವಾದ ಗುಮ್ಮಟ. ಅಡುಗೆಮನೆಯಿಂದ ಹೆಂಡತಿ ನೋಡಿದರೆ? ಜಗಲಿಯಿಂದ ವಯಸ್ಸಾದ ಅತ್ತೆ, ಮಾವ ನೋಡಿದರೆ? ಮನೆಗೆಲಸದಾಕೆ ನೋಡಿದರೆ? ಒಂದೇ ಜಾಗದಿಂದ ನೆಟ್ಟಗೆ ಕಾಣುವ ಭಕ್ತಿ ಉಳಿದ ಕಡೆಯಿಂದ ವಾಲಿದ್ದರೆ ಅದು ಕಲೆಯಲ್ಲ, ಕಪಟ. ಕಲೆಗಾರ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿ ತೋರಿಸುತ್ತಾನೆ, ನಾವು ಅದನ್ನು ಮುಚ್ಚಿಡುತ್ತೇವೆ.

ಮಂಗಳೂರಿನ ಛಾವಣಿಯಲ್ಲಿ ಸಂತ ಅಲೋಶಿಯಸರ ಜೀವನವೇ ಚಿತ್ರವಾಗಿದೆ. ಶ್ರೀಮಂತ ಮನೆತನದ ಹಿರಿಯ ಮಗನಾದ ಅವರು 1585ರಲ್ಲಿ ತಮ್ಮ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. ರೋಮಿನಲ್ಲಿ ರೋಗ ಹಬ್ಬಿದಾಗ ರೋಗಿಗಳ ಸೇವೆಗಿಳಿದು, ತಾವೂ ಕಾಯಿಲೆ ಬಿದ್ದು, 1591ರ ಜೂನ್ 21ರಂದು ಕೇವಲ 23ರ ವಯಸ್ಸಿನಲ್ಲಿ ತೀರಿಕೊಂಡರು. ಆ ಬಾಳನ್ನು ಅರಮನೆಯಿಂದ ನೋಡಿ, ರೋಗಿಯ ಹಾಸಿಗೆಯಿಂದ ನೋಡಿ, ಎಲ್ಲೂ ವಾಲುವುದಿಲ್ಲ.

ಬ್ರದರ್ ಮೊಸ್ಕೇನಿ 1905ರ ನವೆಂಬರ್ 15ರಂದು ಕೊಚ್ಚಿಯಲ್ಲಿ ತೀರಿಕೊಂಡರು. ಅವರು ಚಿತ್ರ ಬರೆಯುತ್ತಿದ್ದ ಸಾಂತಾ ಕ್ರೂಸ್ ಪ್ರಧಾನಾಲಯದ ಪ್ರತಿಷ್ಠಾಪನೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಆ ಸಂಭ್ರಮವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರ ಕೆಲಸವನ್ನು ದೇವರಂತೂ ನೋಡಿದ್ದರು.

ಈ ವಾರ ಮನೆಯಲ್ಲಿ ಒಬ್ಬರ ಜಾಗದಲ್ಲಿ ನಿಂತು ನಮ್ಮನ್ನೇ ನಾವು ನೋಡಿಕೊಳ್ಳೋಣವೆ?