ಗುಡ್ಡದ ಬುಡದಲ್ಲಿ ಬಾಡಿಗೆಯ ಬೆಳೆ

"ಹೊಲ ಮಾರು, ಸೈಟು ಹಿಡಿ, ನಾಕು ಖೋಲಿ ಕಟ್ಟು, ಕುಂತು ಉಣ್ಣು." ಸಗರನಾಡಿನ ಚಹಾದಂಗಡಿಗಳಲ್ಲಿ ಈಗ ಕಿವಿಗೆ ಬೀಳುವ ಉಪದೇಶವಿದು. ಜೇವರ್ಗಿಯಿಂದ ಶಹಾಪುರ, ಸುರಪುರಗಳನ್ನು ಹಾದು ಲಿಂಗಸುಗೂರಿನ ಕಡೆಗೆ ಸಾಗುವ ಹೆದ್ದಾರಿಯ ಬದಿಯ ಹೊಲಗಳಲ್ಲಿ ನೆಟ್ಟ ಬಣ್ಣದ ಗೂಟಕಲ್ಲುಗಳೂ ಅದನ್ನೇ ಸಾರುತ್ತಿವೆ. ಜೋಳ, ತೊಗರಿ, ಹತ್ತಿಗಳ ನೆಲಕ್ಕೆ ಹೊಸ ಬೆಳೆಯೊಂದು ಬಂದಿದೆ. ಅದರ ಹೆಸರು ಬಾಡಿಗೆ. ಬಿತ್ತಬೇಕಿಲ್ಲ, ಕಳೆ ಕೀಳಬೇಕಿಲ್ಲ, ಮಳೆಗಾಗಿ ಮುಗಿಲು ನೋಡಬೇಕಿಲ್ಲ ಎಂಬುದು ಇದರ ಮಹಿಮೆಯಂತೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂದ ಹಿರಿಯರ ಮಾತನ್ನು ಮರೆತು ಹೊಲ ಮಾರುವ ಮುನ್ನ, ಈ ಬೆಳೆಯ ಪೂರ್ತಿ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕಾಗಿದೆ.

ಬಾಡಿಗೆ ಮನೆಗಳೇ ಬೇಡವೆನ್ನುವವರು ನಾವಲ್ಲ. 2010ರ ಏಪ್ರಿಲ್ 10ರಂದು ಯಾದಗಿರಿಯು ರಾಜ್ಯದ 30ನೆಯ ಜಿಲ್ಲೆಯಾಯಿತು. ಕಚೇರಿಗಳು ಬಂದವು, ನೌಕರರು ಬಂದರು. 2022ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗಿಗೆ, ವರ್ಗವಾಗಿ ಬಂದ ಶಿಕ್ಷಕನಿಗೆ, ದವಾಖಾನೆಯ ದಾದಿಗೆ ತಲೆಯ ಮೇಲೊಂದು ಸೂರು ಬೇಕು. ತನ್ನ ಮನೆಯ ಪಕ್ಕದ ಎರಡು ಖೋಲಿಗಳನ್ನು ಬಾಡಿಗೆಗೆ ಕೊಟ್ಟು ಮಕ್ಕಳನ್ನು ಓದಿಸುವ ತಾಯಿಯ ಮೇಲೆ ನಮ್ಮ ಮುನಿಸಿಲ್ಲ. ನಮ್ಮ ತಕರಾರು ಇರುವುದು ಮನೆಯನ್ನು ವಾಸದ ನೆಲೆಯೆಂದು ಕಾಣದೆ, ಹಣ ಹೂಡುವ ಪೆಟ್ಟಿಗೆಯೆಂದಷ್ಟೇ ಕಾಣುವ ಬುದ್ಧಿಯ ಮೇಲೆ.

ಮೊದಲು ಹಣದ ಲೆಕ್ಕವನ್ನೇ ನೋಡೋಣ. ಒಬ್ಬನು ನಿವೇಶನಕ್ಕೂ ಕಟ್ಟಡಕ್ಕೂ ಸೇರಿ 30 ಲಕ್ಷ ರೂಪಾಯಿ ಹೂಡಿದನೆಂದು ಭಾವಿಸಿ. ತಿಂಗಳಿಗೆ 6 ಸಾವಿರದಂತೆ ಬಾಡಿಗೆ ಬಂದರೆ ವರ್ಷಕ್ಕೆ 72 ಸಾವಿರ. ಅಂದರೆ ಹೂಡಿದ್ದಕ್ಕೆ ನೂರಕ್ಕೆ ಎರಡೂವರೆ ರೂಪಾಯಿಯೂ ಹುಟ್ಟಲಿಲ್ಲ. ಅದರಲ್ಲಿ ಮನೆ ತೆರಿಗೆ, ಸುಣ್ಣಬಣ್ಣ, ಕೆಟ್ಟ ಮೋಟಾರು, ಖಾಲಿ ಬಿದ್ದ ತಿಂಗಳುಗಳನ್ನು ಕಳೆಯಬೇಕು. ಬ್ಯಾಂಕಿನ ಠೇವಣಿಯೂ ಇದಕ್ಕಿಂತ ಹೆಚ್ಚು ಬಡ್ಡಿ ಕೊಡುತ್ತದೆ. ಸಾಲ ಮಾಡಿ ಕಟ್ಟಿದವನಿಗಂತೂ ಬಾಡಿಗೆಯಿಂದ ಕಂತೂ ತೀರದು.

ಹಾಗಿದ್ದರೂ ಹಣವಂತರು ಏಕೆ ಕೊಳ್ಳುತ್ತಾರೆ? ಅವರು ಕಾಯುವುದು ಬಾಡಿಗೆಯನ್ನಲ್ಲ, ನೆಲದ ಬೆಲೆ ಏರುವುದನ್ನು. ಬೆಲೆ ಏರುವವರೆಗೆ ಮನೆ ಖಾಲಿ ಇದ್ದರೂ ಅವರಿಗೆ ನಷ್ಟವಿಲ್ಲ. 2011ರ ಜನಗಣತಿಯು ದೇಶದ ಪಟ್ಟಣ ಪ್ರದೇಶಗಳಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದುದನ್ನು ಎಣಿಸಿತು. ಮರುವರ್ಷ ಕೇಂದ್ರ ಸರ್ಕಾರದ ತಜ್ಞರ ತಂಡವು ಅದೇ ಪಟ್ಟಣಗಳಲ್ಲಿ 1 ಕೋಟಿ 87 ಲಕ್ಷ ಮನೆಗಳ ಕೊರತೆಯಿದೆ ಎಂದಿತು; ಆ ಕೊರತೆಯ ಬಹುಪಾಲು ಬಡವರದ್ದು. ಒಂದು ಕಡೆ ಜನರಿಲ್ಲದ ಮನೆ, ಇನ್ನೊಂದು ಕಡೆ ಮನೆಯಿಲ್ಲದ ಜನ.

ಇನ್ನು ರೈತನ ಪಾಲು. ಒಂದು ಎಕರೆಯೆಂದರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಚರಂಡಿ, ಉದ್ಯಾನಗಳಿಗೆ ಬಿಟ್ಟರೂ 30-40 ಅಳತೆಯ ಇಪ್ಪತ್ತು ನಿವೇಶನಗಳು ಏಳುತ್ತವೆ. ಹೊಲ ಮಾರಿದವನಿಗೆ ಸಿಕ್ಕಿದ್ದು ಎಕರೆಯ ಬೆಲೆ. ಕೊಂಡವನು ಮಾರಿದ್ದು ಚದರ ಅಡಿಯ ಬೆಲೆಗೆ. ಈ ಎರಡರ ನಡುವಿನ ಅಂತರದಲ್ಲಿ ರೈತನಿಗೆ ಬಿಡಿಗಾಸೂ ಇಲ್ಲ. ಎನ್.ಎ. ಆಗದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡರಿಸಿ ಮಾರುವಲ್ಲಿ ರಸ್ತೆಯೂ ಇಲ್ಲ, ಚರಂಡಿಯೂ ಇಲ್ಲ. ಆ ಮನೆಗಳ ಹೊಲಸು ನೀರು ಮೊದಲು ಹರಿಯುವುದು ಪಕ್ಕದ ಹೊಲಕ್ಕೆ, ಆಮೇಲೆ ಹಳ್ಳಕ್ಕೆ.

ಈ ಲೆಕ್ಕದಲ್ಲಿ ಎಲ್ಲಿಯೂ ಕಾಣದ ಸಾಲಗಾರನೊಬ್ಬನಿದ್ದಾನೆ; ಅವನು ನಮ್ಮ ಗುಡ್ಡ. ಖೋಲಿಯ ಛತ್ತಿಗೆ ಬೇಕಾದ ಖಡಿಯು ಕ್ರಷರಿನ ಬಾಯಿಂದ ಬರುತ್ತದೆ, ಕ್ರಷರಿಗೆ ಕಲ್ಲು ಗುಡ್ಡದ ಎದೆಯಿಂದ. ಉಸುಕು ಕೃಷ್ಣಾ, ಭೀಮಾ ನದಿಗಳ ಒಡಲಿನಿಂದ. ಮಲಗಿದ ಬುದ್ಧನನ್ನು ಹೋಲುವ ಶಹಾಪುರದ ಗುಡ್ಡವನ್ನು ನೋಡಲು ದೂರದಿಂದ ಬರುವ ಜನರಿಗೆ ಹೆಮ್ಮೆಯಿಂದ ತೋರಿಸುವ ನಾವು, ಗುಡ್ಡಗಳ ಬುಡದಲ್ಲಿ ಮಳೆನೀರು ಇಳಿಯುವ ದಾರಿಗಳನ್ನು ಮಾತ್ರ ಗೋಡೆ ಕಟ್ಟಿ ಮುಚ್ಚುತ್ತಿದ್ದೇವೆ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಕೆರೆಗೆ ಹೋಗಬೇಕಾದದ್ದು ಒಂದು ದಿನ ಬಾಡಿಗೆದಾರನ ಹೊಸ್ತಿಲು ದಾಟಿ ಒಳಗೆ ಬರುತ್ತದೆ; ಬೇಸಿಗೆಯಲ್ಲಿ ಅದೇ ಮನೆಯವರು ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ. ಮಾಲೀಕನು ಬೇರೆ ಊರಿನಲ್ಲಿರುತ್ತಾನೆ.

ಬಾಡಿಗೆದಾರನ ಗತಿಯನ್ನು ನೋಡಿ. ಖೋಲಿ ಕೇಳಲು ಹೋದ ವಿದ್ಯಾರ್ಥಿಗೆ ಎದುರಾಗುವ ಮೊದಲ ಪ್ರಶ್ನೆ "ನೀವು ಯಾವ ಮಂದಿ?" ಎಂಬುದು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೂ ಯಾವುದೇ ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದರೆ "ಖೋಲಿ ಖಾಲಿ ಇಲ್ಲ" ಎಂಬ ಒಂದು ಸುಳ್ಳಿನ ಮುಂದೆ ಆ ಕಾಯಿದೆ ಸೋಲುತ್ತದೆ. ಬಾಡಿಗೆ ಆದಾಯಕ್ಕೆ ತೆರಿಗೆ ಹಾಕುವಾಗ, ಮನೆ ತೆರಿಗೆ ಕಳೆದು ಉಳಿದುದರಲ್ಲಿ ಶೇ. 30ರಷ್ಟನ್ನು ಸರ್ಕಾರವು ರಶೀದಿಯನ್ನೂ ಕೇಳದೆ ಮಾಲೀಕನಿಗೆ ಬಿಟ್ಟುಕೊಡುತ್ತದೆ. ಆ ಮೂವತ್ತರಲ್ಲಿ ಸೋರುವ ಛತ್ತಿಗೆ ತಲುಪುವುದೆಷ್ಟು?

ನೆಲ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆಂಬುದು ನಮ್ಮ ಹಳ್ಳಿಗಳಿಗೆ ಹೇಳಬೇಕಾದ ಮಾತಲ್ಲ. ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ಜನರು ಬೆಂಗಳೂರಿನಲ್ಲಿ ಅನ್ಯರ ಬಾಡಿಗೆ ಮನೆಗಳಿಗೆ ಇಟ್ಟಿಗೆ ಹೊತ್ತು, ಸಂಜೆ ನೀಲಿ ತಾಡಪತ್ರಿಯ ಗುಡಿಸಲಿಗೆ ಮರಳುತ್ತಾರೆ. ಆ ಗುಡಿಸಲು ನಿಂತ ನೆಲಕ್ಕೂ ಬಾಡಿಗೆಯುಂಟು. ಅಲ್ಲಿ ಬೆವರು ಸುರಿಸಿ ಉಳಿಸಿದ ಹಣವನ್ನು ಊರಿಗೆ ತಂದು, ಅಲ್ಲಿ ತಾವೇ ಉಂಡ ನೋವನ್ನು ಇಲ್ಲಿ ಇನ್ನೊಬ್ಬರಿಗೆ ಉಣಿಸುವುದು ನ್ಯಾಯವೆ?

ಮಿತ್ರರೇ, ಬರಿಯ ಬೈಗುಳದಿಂದ ಗುಡ್ಡ ಉಳಿಯದು. ಬಾಡಿಗೆಗೆಂದು ಕಟ್ಟುವವನು ಪಾಲಿಸಬೇಕಾದ ನಾಲ್ಕು ಮಾತುಗಳನ್ನು ನಾವು ಮುಂದಿಡುತ್ತೇವೆ.

ಒಂದು, ಕೆರೆಯಂಗಳ, ಹಳ್ಳದ ಪಾತ್ರ, ಗುಡ್ಡದ ನೀರು ಇಳಿಯುವ ದಾರಿ ಇವುಗಳಲ್ಲಿ ನಿವೇಶನ ಬೇಡ; ಅನುಮೋದನೆಯಿಲ್ಲದ ಗುಂಟೆ ತುಂಡುಗಳನ್ನು ಕೊಳ್ಳುವುದೂ ಬೇಡ.

ಎರಡು, ಛತ್ತಿನ ನೀರನ್ನು ಹಿಡಿಯಬೇಕು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೂ ಸಾವಿರ ಚದರ ಅಡಿಯ ಛತ್ತಿನ ಮೇಲೆ 55 ಸಾವಿರ ಲೀಟರ್ ಬೀಳುತ್ತದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ವಿಷ ಕಂಡ ನೆಲವಿದು. ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಯಾರಿಗೂ ಕುಡಿಯಲು ಕೊಡಬಾರದು.

ಮೂರು, ಕರಾರು ಬರಹದಲ್ಲಿರಲಿ. 2021ರಲ್ಲಿ ಕೇಂದ್ರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದೆನ್ನುತ್ತದೆ. ನೀರು, ವಿದ್ಯುತ್ತು ಕಡಿಯಬಾರದೆನ್ನುತ್ತದೆ. ಗೋಡೆಯ ಸುಣ್ಣ, ಕೊಳವೆ, ವೈರಿಂಗುಗಳ ದುರಸ್ತಿಯನ್ನು ಮಾಲೀಕನಿಗೇ ವಹಿಸುತ್ತದೆ. ಅದು ಮಾದರಿ ಮಾತ್ರ. ಆದರೆ ಒಳ್ಳೆಯದನ್ನು ಮಾಡಲು ಗೆಜೆಟ್ಟಿಗಾಗಿ ಕಾಯಬೇಕೆ?

ನಾಲ್ಕು, ಜಾತಿ ಕೇಳಿ ಬಾಗಿಲು ತೆರೆಯುವ ಮನೆಗೆ ನಾವಾರೂ ಬಾಡಿಗೆದಾರರನ್ನು ಕರೆದೊಯ್ಯಬಾರದು.

ವಿದ್ಯಾರ್ಥಿಗಳೇ, ನೀವಿರುವ ಖೋಲಿಯಿಂದಲೇ ಇದನ್ನು ಆರಂಭಿಸಿ: ನಿಮ್ಮ ನೀರು ಎಲ್ಲಿಂದ ಬರುತ್ತದೆ, ಹೊಲಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಡೆದು ನೋಡಿ ಬರೆದಿಡಿ. ಹಳ್ಳಿಯ ಹಿರಿಯರೇ, ಹೊಲಕ್ಕೆ ಗೂಟ ನೆಡಲು ಬಂದವರ ಕಾಗದಪತ್ರಗಳನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿಸಿರಿ. ಮಾರಿದ ಹೊಲ ಮರಳಿ ಬಾರದು, ಒಡೆದ ಗುಡ್ಡ ಮತ್ತೆ ಬೆಳೆಯದು.